ಹದಿನೇಳು ದಾಟಿದವರು ಯಾರಾದರೂ

ಬೆಳಿಗ್ಗೆ ಎದ್ದಾಗಿನಿಂದ ಡೆರಿಕ್ ಹಾಲ್ಸಾಲ್‌ಗೆ ಹಿತ್ತಲಿನ ಶೆಡ್ಡಿನಲ್ಲಿ ಒಂದಲ್ಲ ಒಂದು ಕೆಲಸ. ಮೊದಲು ಕತ್ತರಿಗೆ ಎಣ್ಣೆ ಬಿಡಬೇಕು ಅಂದ. ಹೋಗಿಬಂದು ಚಹಾ ಕುಡಿದು, ಖಾಲಿ ಕುಂಡಗಳನ್ನು ಒಂದರೊಳಗೊಂದು ಜೋಡಿಸಬೇಕು ಅಂದ. ಮನೆಯನ್ನೇ ಮಾರಿಕೊಂಡು ಹೋಗುವವನಿಗೆ ಕುಂಡದ ಉಸಾಬರಿ ಯಾಕೆ ಎಂದು ನೊರೀನ್ ಕೇಳಬಹುದಿತ್ತು, ಕೇಳಲಿಲ್ಲ. ಅವಳು ಕಪ್ಪುಗಳನ್ನು ಹಳೆ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ಇಳಿಸುವುದರಲ್ಲಿದ್ದಳು. ಶೆಡ್ಡಿನ ಗೂಡಿನಲ್ಲಿ ಟೊಮೆಟೊ ಬೀಜದ ಪೊಟ್ಟಣಗಳ ಕೆಳಗೆ ವಕೀಲ ಬ್ರಯರ್ಲಿ ಕಳಿಸಿದ ಕಾಗದವಿತ್ತು. ಅದು ಬಂದು ವಾರವಾಗಿತ್ತು. ಅದಕ್ಕೆ ನೊರೀನಳ ಸಹಿ ಬೇಕು. ಇವತ್ತು ಮಧ್ಯಾಹ್ನ ಎರಡು ಗಂಟೆಗೆ ಎರಡೂ ಕಡೆಯ ವಕೀಲರು ಫೋನಿನಲ್ಲೇ ಕರಾರು ಅದಲುಬದಲು ಮಾಡಿಕೊಳ್ಳುವುದು ಎಂದು ನಿಗದಿಯಾಗಿದೆ. ಅಲ್ಲಿಯವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದು, ಆಮೇಲೆ ಯಾರೂ ಸರಿಯುವಂತಿಲ್ಲ. ಡೆರಿಕ್ ಪೊಟ್ಟಣಗಳನ್ನು ಎತ್ತಿ ಕಾಗದ ಅಲ್ಲೇ ಇದೆಯೇ ಎಂದು ನೋಡುತ್ತಿದ್ದ, ಮತ್ತೆ ಮುಚ್ಚಿಡುತ್ತಿದ್ದ. ಅದೇನು ಇಲಿ ತಿಂದುಕೊಂಡು ಹೋಗಲಿ ಅಂತ ಕಾಯುತ್ತಿದ್ದನೋ ಏನೋ, ಅವನಿಗೇ ಗೊತ್ತಿರಲಿಲ್ಲ.

ಕಾಗದದಲ್ಲಿ ಹೆಚ್ಚೇನಿರಲಿಲ್ಲ. ಈ ಮನೆಯಲ್ಲಿ ವಾಸವಾಗಿರುವ ನಾನು ಮಾರಾಟ ಮುಗಿಯುವ ದಿನ ನನ್ನ ಸಾಮಾನು ಸಮೇತ ಖಾಲಿ ಮಾಡುತ್ತೇನೆ, ಈ ಮನೆಯ ಮೇಲೆ ನನಗೆ ಯಾವುದೇ ಹಕ್ಕು ಇದ್ದರೆ ಅದನ್ನು ಬಿಟ್ಟುಕೊಡುತ್ತೇನೆ, ಸಹಿ ಹಾಕುವ ಮುಂಚೆ ನನ್ನದೇ ಆದ ವಕೀಲರನ್ನು ಕೇಳಬಹುದೆಂದು ನನಗೆ ತಿಳಿಸಲಾಗಿದೆ, ಇಷ್ಟು. ಎಲ್ಲರೂ ಹಾಕುವ ಸಹಿಯೇ. ಬಂದ ದಿನವೇ ಚಹಾ ಕುಡಿಯುತ್ತಾ, ನೋಡು, ಇಲ್ಲೊಂದು ಗೀಚು ಅಂದಿದ್ದರೆ ನೊರೀನ್ ಕನ್ನಡಕ ಕೂಡ ಹುಡುಕದೆ ಗೀಚುತ್ತಿದ್ದಳು. ಆದರೆ ಮನೆ ಮಾರಾಟದ ಮೊದಲ ವಾರದಲ್ಲೇ ಬರಬೇಕಾಗಿದ್ದ ಕಾಗದ ಕೊನೆಗೆ ಯಾಕೆ ಬಂತು ಎಂದು ಅವಳು ಕೇಳಿದರೆ? ತನ್ನ ತಂಗಿ ಡೋರಿಸ್‌ಳ ಮನೆ ಮಾರಿದಾಗ ಎಲ್ಲ ಓಡಾಟ ಮಾಡಿದವಳು ಅವಳೇ, ಯಾವ ಕಾಗದ ಯಾವಾಗ ಬರುತ್ತದೆ ಎಂದು ಬಲ್ಲವಳು. ಆಗ ಅವನು ಏನು ಹೇಳಬೇಕು? ಹೇಳಬೇಕಾದದ್ದು ಒಂದೇ ಮಾತು, ಅದನ್ನು ನೆನೆದರೇ ಅವನಿಗೆ ಕಿವಿಯ ತನಕ ಬಿಸಿಯೇರುತ್ತಿತ್ತು.

ವಕೀಲರನ್ನು ಆರಿಸುವಾಗಲೇ ಎಡವಿದ್ದ. ಬ್ರೋಕರ್ ಆಫೀಸಿನ ಹುಡುಗಿ ಯಾವುದೋ ದೂರದ ಊರಿನ ಕಂಪನಿಯ ಹೆಸರು ಹೇಳಿ ಅಗ್ಗ ಅಗ್ಗ ಎಂದು ಬೆನ್ನು ಹತ್ತಿದ್ದಳು. 'ಅಲ್ಲಿಗೆ ಫೋನ್ ಮಾಡಿದ್ರೆ ಪಿಟೀಲು ಕೇಳ್ಕೊಂಡು ಕೂತಿರ್ಬೇಕು, ಮನುಷ್ಯರ ದನಿ ಬರೋ ಹೊತ್ಗೆ ಮನೆ ಗೆದ್ದಲು ಹಿಡಿದಿರತ್ತೆ' ಎಂದಿದ್ದಳು ನೊರೀನ್. 'ಡೋರಿಸ್ ಮನೆ ಮಾರಿಸಿಕೊಟ್ಟೋರು ಲ್ಯಾಂಕಾಸ್ಟರಲ್ಲಿದಾರಲ್ಲ, ಮಿಸ್ ರಿಮ್ಮರ್ ಅಂತ. ಫೋನು ಅವರೇ ಎತ್ತುತಾರೆ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತಾರೆ. ವಕೀಲರಲ್ಲಿ ಇನ್ನೇನು ಬೇಕು ನಿಂಗೆ?' ಅವನು ಗಂಟಲು ಸರಿಮಾಡಿಕೊಂಡು, ಬ್ರಯರ್ಲಿಯವರೇ ಇರಲಿ, ಅವರು ನಮ್ಮನ್ನ ಬಲ್ಲರು ಎಂದಿದ್ದ. 'ನಮ್ಮನ್ನ ಅಂದ್ರೆ ಯಾರನ್ನ?' ಎಂದಳು ನೊರೀನ್. ಜಗಳಕ್ಕೇನೂ ಕೇಳಿದ್ದಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದು. ಅವನು ಪೇಪರಿನ ಹಾಳೆ ತಿರುಗಿಸಿದ. ಬ್ರಯರ್ಲಿ ಬಲ್ಲದ್ದು ಅವನನ್ನು ಮತ್ತು ಅವನ ಹೆಂಡತಿ ಆಡ್ರಿಯನ್ನು. ಮದುವೆಯಾದ ಹೊಸದರಲ್ಲಿ ಇದೇ ಮನೆಯನ್ನು ಅವರಿಬ್ಬರಿಗೆ ಕೊಡಿಸಿದ್ದು ಬ್ರಯರ್ಲಿ. ಆಡ್ರಿ ತೀರಿಕೊಂಡಾಗ ಮನೆಯ ಪತ್ರದಲ್ಲಿ ಹೆಸರು ಬದಲಾಯಿಸಿಕೊಟ್ಟದ್ದೂ ಬ್ರಯರ್ಲಿ. ಅಂತ್ಯಕ್ರಿಯೆಗೆ ಬಂದು ಹಿಂದಿನ ಸಾಲಿನಲ್ಲಿ ಹ್ಯಾಟು ತೊಡೆಯ ಮೇಲಿಟ್ಟು ಕೂತಿದ್ದರು.

ಅವರ ಆಫೀಸು ಈಗಲೂ ಚಪ್ಪಲಿ ಅಂಗಡಿಯ ಮೇಲೆಯೇ. ಮೆಟ್ಟಿಲು ಹತ್ತುವಾಗ ಚರ್ಮದ ವಾಸನೆ, ಮೇಲೆ ಹೋದರೆ ಧೂಳಿನ ವಾಸನೆ. ಕೆಳಗೆ ಕಾರು ನಿಲ್ಲಿಸಲು ಜಾಗವಿರಲಿಲ್ಲ. 'ನೀನು ಹೋಗಿ ಬಾ, ನಾನು ಒಂದು ಸುತ್ತು ಹಾಕ್ತಿರ್ತೀನಿ' ಎಂದು ನೊರೀನ್ ಕಾರಿನಲ್ಲೇ ಉಳಿದಿದ್ದಳು. ಬ್ರಯರ್ಲಿ ಎದ್ದು ನಿಂತು ಕೈಕುಲುಕಿ, ಕೂರಲು ತೋರಿಸಿದ್ದು ಅಂದಿನ ಕುರ್ಚಿಯನ್ನೇ. ಪಕ್ಕದಲ್ಲಿ ಇನ್ನೊಂದು ಖಾಲಿ ಕುರ್ಚಿ. 'ನಿಮ್ಮ ಮನೆಯವರು ಅಲ್ಲೇ ಕೂತು, ಹಿತ್ತಲ ಗೇಟು ನಮ್ಮದೋ ಪಕ್ಕದವರದೋ ಅಂತ ಕೇಳಿದ್ರು, ನೆನಪಿದೆಯಾ ಹಾಲ್ಸಾಲ್ ಅವರೇ? ಯಾರೂ ಕೇಳೋ ಪ್ರಶ್ನೆ ಅಲ್ಲ ಅದು' ಎಂದು ಮುದುಕ ಕಣ್ಣು ಅರಳಿಸಿಕೊಂಡು ನಕ್ಕರು. ಡೆರಿಕ್‌ಗೆ ಆಡ್ರಿಯ ಹಸಿರು ಕೈಚೀಲ ನೆನಪಾಯಿತು, ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂರುತ್ತಿದ್ದದ್ದು. ಅದೇ ಹೊತ್ತಿಗೆ ಬ್ರಯರ್ಲಿ ಪೆನ್ನು ತೆಗೆದು ವಾಡಿಕೆಯ ಪ್ರಶ್ನೆಗಳನ್ನು ಕೇಳತೊಡಗಿದ್ದರು. ಬಾಯ್ಲರಿನ ರಿಪೇರಿ ಯಾವಾಗ ಆಯಿತು, ಪಕ್ಕದವರ ಜೊತೆ ತಕರಾರು ಏನಾದರೂ ಉಂಟೋ, ಚರಂಡಿ ಯಾರದು. 'ಮನೇಲಿ ನಿಮ್ಮ ಜೊತೆ ಇನ್ಯಾರಾದ್ರೂ ಇದಾರಾ? ಹದಿನೇಳು ದಾಟಿದವರು?' ಕಿಟಕಿಯಾಚೆ ನೊರೀನಳ ಬೂದು ಕಾರು ನಿಧಾನ ಹಾದುಹೋಯಿತು. 'ಇಲ್ಲ' ಎಂದ ಡೆರಿಕ್, 'ನಾನೊಬ್ಬನೇ.' ಬ್ರಯರ್ಲಿ ಬರೆದುಕೊಂಡರು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆ ಖಾಲಿ ಕುರ್ಚಿಯ ಪಕ್ಕ ಕೂತುಕೊಂಡು, ಮದುವೆಯಿಲ್ಲದೆ ಹನ್ನೆರಡು ವರ್ಷದಿಂದ ಜೊತೆಗೊಬ್ಬಳಿದ್ದಾಳೆ ಅನ್ನಲು ನಾಲಿಗೆ ಹೊರಳಲಿಲ್ಲ. ಇಷ್ಟು ಸಣ್ಣ ವಿಷಯ, ಆಮೇಲೆ ಸರಿಮಾಡಿದರಾಯಿತು ಅಂದುಕೊಂಡ. ಕಾರು ಮತ್ತೊಮ್ಮೆ ಹಾದುಹೋಯಿತು. ಕೆಳಗಿಳಿದು ಕಾರು ಹತ್ತಿದಾಗ ನೊರೀನ್, 'ಹೇಗಿದಾರೆ ಮುದುಕಪ್ಪ? ಒಳ್ಳೆ ಚಹಾನಾದ್ರೂ ಕೊಟ್ರಾ?' ಎಂದಳು. ಕೊಟ್ಟರು ಎಂದ. ಅದೂ ಸುಳ್ಳೇ, ಆದರೆ ಅದಕ್ಕೆ ಯಾಕೋ ನಾಚಿಕೆಯಾಗಲಿಲ್ಲ.

ಆ ಒಂದು 'ನಾನೊಬ್ಬನೇ' ಆಮೇಲೆ ತಾನೇ ತಾನಾಗಿ ಬೆಳೆಯಿತು. ಕೊಲ್ಲಿಯಾಚೆ ಗ್ರೇಂಜ್ ಎಂಬ ಊರಿನಲ್ಲಿ ಕೊಳ್ಳಬೇಕೆಂದಿದ್ದ ಒಂದಂತಸ್ತಿನ ಮನೆಯ ಕಾಗದಪತ್ರವೂ ಅವನೊಬ್ಬನ ಹೆಸರಿನಲ್ಲೇ ತಯಾರಾಗಿ ಬಂತು, ಯಾಕೆಂದರೆ ಬ್ರಯರ್ಲಿಯ ಲೆಕ್ಕದಲ್ಲಿ ಅವನು ಒಂಟಿ. ಇಬ್ಬರ ಹೆಸರನ್ನೂ ಹಾಕಿ ಎಂದು ಹೇಳಲು ಹೋದರೆ ಮೊದಲಿನ ಮಾತನ್ನು ನುಂಗಬೇಕಿತ್ತು. ನೊರೀನ್ ಪರದೆಯ ಬಟ್ಟೆ ಆರಿಸುತ್ತಿದ್ದಳು, ಅಡುಗೆಮನೆಯ ಕಿಟಕಿ ಕೊಲ್ಲಿಗೆ ಎದುರಾ ಎಂದು ವಿಚಾರಿಸುತ್ತಿದ್ದಳು. ಹೆಸರಿನ ವಿಷಯ ಒಮ್ಮೆಯೂ ಎತ್ತಲಿಲ್ಲ. ಅವಳು ಎತ್ತಬಾರದೇ ಎಂದು ಅವನಿಗೆ ಸಿಟ್ಟು ಕೂಡ ಬರುತ್ತಿತ್ತು. ಮೊದಲ ಸಲ ಮನೆ ನೋಡಲು ಜನ ಬಂದ ದಿನ ಬ್ರೋಕರ್ ಹುಡುಗಿ, ನೀವಿಬ್ಬರೂ ಹೊರಗೆ ಹೋಗಿಬಿಡಿ, ಮಾಲೀಕರು ಎದುರಿಗಿದ್ದರೆ ಕೊಳ್ಳುವವರು ಬಾಯಿ ಬಿಡುವುದಿಲ್ಲ ಎಂದಿದ್ದಳು. ಡೆರಿಕ್ ಸಮುದ್ರದ ಕಟ್ಟೆಯ ಮೇಲೆ ಗಾಳಿಗೆ ಕೂತುಬಂದ. ನೊರೀನಳ ಶುಂಠಿ ಕೇಕು ಒಲೆಯಲ್ಲಿತ್ತು, ಬಿಟ್ಟುಬರುವ ಹಾಗಿರಲಿಲ್ಲ. ಅವನು ಮರಳಿ ಬರುವಷ್ಟರಲ್ಲಿ ಕೊಳ್ಳಲು ಬಂದ ಬೆಥನಿ ಎಂಬ ಹುಡುಗಿ, ಐದು ತಿಂಗಳ ಬಸುರಿ, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಎರಡನೇ ತುಂಡು ತಿನ್ನುತ್ತಿದ್ದಳು, ನೊರೀನ್ ಅವಳ ಗಂಡನಿಗೆ ಬಾಯ್ಲರ್ ತೋರಿಸುತ್ತಿದ್ದಳು. 'ಥಂಡಿ ಜಾಸ್ತಿಯಾದ್ರೆ ಮುನಿಸ್ಕೊಳತ್ತೆ ಕಣಪ್ಪ. ಇಲ್ಲಿ ಪಕ್ಕಕ್ಕೆ ಒಂದು ಗುದ್ದು ಕೊಡು, ಜೋರಾಗಲ್ಲ, ಬೆನ್ನು ತಟ್ಟಿದ ಹಾಗೆ.' ಮನೆ ಮಾರಿಹೋದದ್ದು ಆ ಕೇಕಿಗೆ, ಆ ಗುದ್ದಿಗೆ. ಬ್ರೋಕರ್ ಹುಡುಗಿ ಕೂಡ ಒಪ್ಪಿಕೊಂಡಳು.

ಸಿಕ್ಕಿಬಿದ್ದದ್ದೂ ಅದರಿಂದಲೇ. ಎಲ್ಲ ಮುಗಿಯುತ್ತ ಬಂದಾಗ ಕೊಳ್ಳುವವರ ವಕೀಲರಿಂದ ಒಂದು ಕಡೆಯ ಪ್ರಶ್ನೆ: ಬಾಯ್ಲರಿಗೆ ಹೇಗೆ ಗುದ್ದಬೇಕೆಂದು ನಮ್ಮ ಕಕ್ಷಿದಾರರಿಗೆ ತಿಳಿಸಿಕೊಟ್ಟ ಮಹಿಳೆ ಯಾರು, ಅವರು ಅಲ್ಲೇ ವಾಸವಿದ್ದಾರೆಯೇ, ಇದ್ದರೆ ಅವರ ಸಹಿ ಬೇಕು. ಬ್ರಯರ್ಲಿ ಅದನ್ನು ಫೋನಿನಲ್ಲಿ ಒಂದೇ ದನಿಯಲ್ಲಿ ಓದಿದರು. ಬೈದಿದ್ದರೆ ಎಷ್ಟೋ ಮೇಲಿತ್ತು. 'ಕೆಲಸದವರಿರಬಹುದು ಅಂತ ನಾನು ಅಂದ್ಕೊಂಡೆ' ಎಂದರು. ಅದು ಅವನಿಗೆ ಜಾರಿಕೊಳ್ಳಲು ಅವರು ತೆರೆದುಕೊಟ್ಟ ಕಿಂಡಿ ಎಂದು ಡೆರಿಕ್‌ಗೆ ತಿಳಿಯಿತು. ಒಂದು ಕ್ಷಣ, ಒಂದೇ ಒಂದು ಕ್ಷಣ, ಹೌದು ಎನ್ನಲು ಬಾಯಿ ತೆರೆದಿದ್ದ. 'ಅಲ್ಲ' ಎಂದ. 'ನೊರೀನ್ ಅಂತ. ಇಲ್ಲೇ ಇರ್ತಾಳೆ.' 'ಸರಿ. ಕಾಗದ ಕಳಿಸ್ತೀನಿ. ಅವರಿಗೆ ನಾನು ಸಲಹೆ ಕೊಡೋ ಹಾಗಿಲ್ಲ, ನಾನು ನಿಮ್ಮ ವಕೀಲ. ಅವರು ಬೇರೆಯವರನ್ನ ನೋಡ್ಕೊಳ್ಲಿ' ಎಂದು ಬ್ರಯರ್ಲಿ ಫೋನಿಟ್ಟರು.

ಈಗ ಶೆಡ್ಡಿನ ಬಾಗಿಲು ತೆರೆಯಿತು. ನೊರೀನ್, ಕೈಯಲ್ಲಿ ಫೋನು. 'ನಿಮ್ಮ ಬ್ರಯರ್ಲಿ. ಸಹಿ ಆದ ಕಾಗದ ಇನ್ನೂ ಬಂದಿಲ್ವಂತೆ, ಎರಡು ಗಂಟೆ ಒಳಗೆ ಬೇಕಂತೆ. ಯಾರ ಸಹಿ ಅಂದ್ರೆ, ಹಾಲ್ಸಾಲ್ ಅವರನ್ನೇ ಕೇಳಿ ಅಂತಾರೆ. ಯಾವ ಕಾಗದನೋ?' ಡೆರಿಕ್ ಪೊಟ್ಟಣಗಳನ್ನೆತ್ತಿ ಕೊಟ್ಟ. ಅವಳು ಬೆಳಕಿಗೆ ಹಿಡಿದು ನಿಧಾನ ಓದಿದಳು. ತಲೆಯ ಮೇಲೆ ಕಡಲಹಕ್ಕಿಗಳು ಸುಮ್ಮನೆ ಅರಚಿಕೊಳ್ಳುತ್ತಿದ್ದವು.

'ಹಕ್ಕು ಇದ್ದರೆ ಬಿಟ್ಟುಕೊಡ್ತೀನಿ ಅಂತಿದೆ. ನಂಗೆ ಏನು ಹಕ್ಕಿದೆ ಇಲ್ಲಿ?'

'ಏನಿಲ್ಲ ಕಣೇ. ಸುಮ್ನೆ ಪದ್ಧತಿ.'

'ಏನೂ ಇಲ್ದಿದ್ರೆ ನನ್ನ ಸಹಿಗೆ ಯಾಕೆ ಬಾಯಿ ಬಿಡ್ತಿದಾರೆ?' ತಾರೀಖು ನೋಡಿದಳು. 'ಇದು ಮೊದಲನೇ ವಾರ ಬರ್ಬೇಕಲ್ಲ. ಡೋರಿಸ್ ಜೊತೆಗಿದ್ದ ಅವಳ ಮಗನಿಗೆ ಮೊದಲನೇ ವಾರನೇ ಬಂದಿತ್ತು.'

ಅವನು ಹೇಳಿದ. ಕುರ್ಚಿಯ ವಿಷಯ ಹೇಳಲಿಲ್ಲ, ಹಸಿರು ಕೈಚೀಲದ ವಿಷಯ ಹೇಳಲಿಲ್ಲ; ಕೇಳಿದರು, ನಾನೊಬ್ಬನೇ ಅಂದೆ, ಅಷ್ಟೇ ಹೇಳಿದ. ಹೇಳುವಾಗ ಕತ್ತರಿಯನ್ನು ತೆರೆದು ಮುಚ್ಚಿ ಮಾಡುತ್ತಿದ್ದ.

'ನಾನಾಗ ಎಲ್ಲಿದ್ದೆ?' ಎಂದಳು ನೊರೀನ್.

'ಕಾರಲ್ಲಿ.'

'ಹ್ಞಾಂ. ಸುತ್ತು ಹಾಕ್ತಿದ್ದೆ.' ಅವಳ ಮುಖ ಕೆಂಪಾಗಿತ್ತು, ಆದರೆ ದನಿ ಏರಲಿಲ್ಲ. ಏರಲಿ ಎಂದು ಅವನು ಬೇಡಿಕೊಳ್ಳುತ್ತಿದ್ದ. 'ಬೇರೆ ವಕೀಲರನ್ನ ಕೇಳಬಹುದು ಅಂತ ಬರೆದಿದೆಯಲ್ಲ, ಕೇಳ್ಕೊಂಡು ಬರ್ತೀನಿ. ಊಟಕ್ಕೆ ಆಲೂಗಡ್ಡೆ ಇದೆ, ಸುಲಿದಿಟ್ಟಿರು.' ಕೋಟು ಹಾಕಿಕೊಂಡು, ಕಾಗದವನ್ನು ಬಿಚ್ಚಿದ ಹಾಗೆಯೇ ಕೈಯಲ್ಲಿ ಹಿಡಿದುಕೊಂಡು ಲ್ಯಾಂಕಾಸ್ಟರ್ ಬಸ್ಸಿಗೆ ಹೋದಳು. ಕಾರು ತೆಗೆದುಕೊಂಡು ಹೋಗು ಎಂದು ಡೆರಿಕ್ ಗೇಟಿನ ತನಕ ಓಡಿದ. ಅವಳು ತಿರುಗಲಿಲ್ಲ, ಕೇಳಿಸಿತೋ ಇಲ್ಲವೋ.

ಆಲೂಗಡ್ಡೆ ಸುಲಿಯುತ್ತ ಡೆರಿಕ್ ಮಾತುಗಳನ್ನು ಜೋಡಿಸಿಕೊಂಡ. ದುಃಖದಲ್ಲಿ ಬಾಯಿ ತಪ್ಪಿತು ಅನ್ನಬಹುದು. ಆದರೆ ಅಂಗಡಿಯಲ್ಲಿ, ಬಸ್‌ಸ್ಟಾಪಿನಲ್ಲಿ, ಡಾಕ್ಟರ ಹತ್ತಿರ, ಎಷ್ಟು ಸಲ ಅವಳನ್ನು 'ನನ್ನ ಸ್ನೇಹಿತೆ' ಎಂದು ಪರಿಚಯ ಮಾಡಿಕೊಟ್ಟಿಲ್ಲ? ಒಮ್ಮೆ ಅವನ ಹಳೆ ಫ್ಯಾಕ್ಟರಿಯವನೊಬ್ಬ ಬಾಗಿಲಿಗೆ ಬಂದಾಗ, ನೊರೀನ್ ಸ್ನಾನದ ಗೌನಿನಲ್ಲಿ ಮೆಟ್ಟಿಲಿಳಿದು ಬಂದಳೆಂದು ಅವನನ್ನು ಒಳಗೆ ಕರೆಯದೆ ಮಳೆಯಲ್ಲೇ ನಿಲ್ಲಿಸಿ ಮಾತಾಡಿ ಕಳಿಸಿದ್ದ. ಆಗ ಅವಳು ನಕ್ಕಿದ್ದಳು. 'ನನ್ನನ್ನ ಮುಚ್ಚಿಡೋಕೆ ನಾನೇನು ಕಳ್ಳಮಾಲಾ?' ಎಂದು ಅವನ ಕೆನ್ನೆ ಹಿಂಡಿದ್ದಳು. ಅವಳು ನಗುವವಳು ಎಂದೇ ಅವನು ಧೈರ್ಯವಾಗಿದ್ದ. ಈಗ ಆ ನಗೆ ಮುಗಿದುಹೋಗಿರಬಹುದೇ ಎಂದು ಮೊದಲ ಸಲ ಹೆದರಿಕೆಯಾಯಿತು, ನಿಜವಾದ ಹೆದರಿಕೆ. ಸುಲಿದ ಆಲೂಗಡ್ಡೆ ಇಬ್ಬರಿಗೆ ಮೂರು ದಿನಕ್ಕಾಗುವಷ್ಟು ಆಗಿತ್ತು.

ಎರಡಕ್ಕೆ ಸ್ವಲ್ಪ ಮುಂಚೆ ನೊರೀನ್ ಬಂದಳು. ಕೋಟು ತೆಗೆದು ಮೊಳೆಗೆ ಹಾಕಿದಳು, ಕೈತೊಳೆದಳು, ಪಾತ್ರೆ ತುಂಬ ಇದ್ದ ಆಲೂಗಡ್ಡೆ ನೋಡಿ 'ಯಾವ ಸೈನ್ಯ ಬರತ್ತಪ್ಪ ಊಟಕ್ಕೆ?' ಎಂದಳು. ಡೆರಿಕ್‌ಗೆ ಜೀವ ಬಂದ ಹಾಗಾಯಿತು.

'ಸಹಿ ಮಾಡ್ದೆ' ಎಂದಳು. 'ಮಿಸ್ ರಿಮ್ಮರ್ ಅಲ್ಲಿಂದಲೇ ನಿಮ್ಮ ಬ್ರಯರ್ಲಿಗೆ ಕಳಿಸಿದಾರೆ. ನನ್ನಿಂದ ಯಾವ ಅಡ್ಡಿನೂ ಇಲ್ಲ. ಪಾಪ, ಆ ಬಸುರಿ ಹುಡುಗಿ ನನ್ನಿಂದ ಬೀದಿಲಿ ನಿಲ್ಬಾರದು.'

'ನಂಗೊತ್ತಿತ್ತು ಕಣೇ ನೀನು...'

'ಇರು, ಮುಗಿಸ್ತೀನಿ.' ಅವಳು ಕುರ್ಚಿ ಎಳೆದು ಅವನೆದುರಿಗೆ ಕೂತಳು. 'ಆಯಮ್ಮ ಒಂದು ಪ್ರಶ್ನೆ ಕೇಳಿದ್ರು. ಇಲ್ಲಿಂದ ಖಾಲಿ ಮಾಡಿ ಎಲ್ಲಿಗೆ ಹೋಗ್ತೀರಿ ಅಂತ. ಗ್ರೇಂಜಿಗೆ ಅಂದೆ. ಅಲ್ಲಿ ನಿಮ್ಮ ಹೆಸರಿದೆಯಾ ಅಂದ್ರು. ನಂಗೆ ಉತ್ತರ ಗೊತ್ತಿರ್ಲಿಲ್ಲ, ಡೆರಿಕ್. ಈ ವಯಸ್ಸಲ್ಲಿ ಶಾಲೆ ಹುಡುಗಿ ಥರ ಪೆಚ್ಚಾಗಿ ಕೂತಿದ್ದೆ ಅಲ್ಲಿ.' ಆಲೂಗಡ್ಡೆ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದಳು. 'ಇದೆಯಾ?'

ಅವನು ಇಲ್ಲ ಎಂದು ತಲೆಯಾಡಿಸಿದ.

'ಸರಿ. ಒಂದು ದಿನ ಸಾಕಂತೆ ಹೆಸರು ಸೇರಿಸೋಕೆ. ಕರಾರು ಆಗೋ ಮುಂಚೆ ಆದ್ರೆ ಸಲೀಸು, ಆಮೇಲೆ ರಗಳೆ ಅಂದ್ರು. ನಂಗೆ ಹೆಸರು ಬೇಡ, ಮನೆ ಬೇಡ, ಅದೆಲ್ಲ ಇಟ್ಕೋ. ಅವರು ಈಗ ಫೋನ್ ಮಾಡ್ತಾರಲ್ಲ, ಒಂದು ದಿನ ನಿಲ್ಸಿ ಅನ್ನು. ಯಾಕೆ ಅಂದ್ರೆ, ನೊರೀನ್ ಕೇಳಿದಾಳೆ ಅನ್ನು. ಅಷ್ಟೇ. ನನ್ನ ಹೆಸರು ಅವರ ಮುಂದೆ ಬಾಯಿಬಿಟ್ಟು ಹೇಳು. ಹೇಳಿದ್ರೆ ನಾನು ನಿನ್ನ ಜೊತೆ ಬರ್ತೀನಿ. ಹೇಳ್ಲಿಲ್ಲ ಅಂದ್ರೆ ಸಹಿ ಮಾಡಿದ ಹಾಗೆ ನಡ್ಕೋತೀನಿ. ಸಾಮಾನು ತಗೊಂಡು ಡೋರಿಸ್ ಹೊಸ ಮನೆಗೆ.'

'ಇದೇನು ದೊಡ್ಡ ಮಾತೇ, ಹೇಳ್ತೀನಿ' ಎಂದ ಡೆರಿಕ್. ನಿಜವಾಗಿಯೂ ಅದು ದೊಡ್ಡ ಮಾತಲ್ಲ ಅನ್ನಿಸಿತು ಅವನಿಗೆ. ಎದೆ ಹಗುರಾಯಿತು, ಇಷ್ಟರಲ್ಲೇ ತಪ್ಪಿತಲ್ಲ ಎಂದು. ಅವಳ ಕೈಮೇಲೆ ಕೈಯಿಟ್ಟ. ಅವಳು ಕೈ ಹಿಂದೆಗೆದುಕೊಳ್ಳಲಿಲ್ಲ.

ಫೋನು ಬಂತು. ಮುದುಕ ಬ್ರಯರ್ಲಿಯ ದನಿ ಇವತ್ತು ಯಾಕೋ ಹುರುಪಿನಲ್ಲಿತ್ತು. 'ಹಾಲ್ಸಾಲ್ ಅವರೇ, ಎಲ್ಲ ಕೂಡಿಬಂತು. ಆ ಕಾಗದ ತಲುಪ್ತು, ಅವರಿಗೆ ನನ್ನ ವಂದನೆ ಹೇಳಿ. ಗ್ರೇಂಜಿನ ಮನೆ ಮಾರೋ ಅಜ್ಜಿಯ ವಕೀಲರು ಸಿದ್ಧ, ನಿಮ್ಮ ಮನೆ ಕೊಳ್ಳೋರ ವಕೀಲರು ಇನ್ನೊಂದು ಫೋನಲ್ಲಿ ಕಾಯ್ತಿದಾರೆ, ಅವರ ಫ್ಲಾಟ್ ಕೊಳ್ಳೋನು ಅವನ ಕಡೆಯಿಂದ ಕಾಯ್ತಿದಾನೆ. ಆ ಹುಡುಗಿ ಲಾರಿ ಕೂಡ ಗೊತ್ತು ಮಾಡ್ಬಿಟ್ಟಿದಾಳಂತೆ. ಎಲ್ಲರೂ ನಿಮ್ಮ ಒಂದು ಮಾತಿಗೆ ನಿಂತಿದಾರೆ. ಮುಂದುವರಿಸ್ಲಾ?'

ಡೆರಿಕ್ ನೊರೀನಳನ್ನು ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು, ಹುಬ್ಬನ್ನು ಸ್ವಲ್ಪ ಮೇಲೆತ್ತಿ, ಪಾಠ ಒಪ್ಪಿಸುವ ಮಗುವಿಗೆ ಧೈರ್ಯ ಹೇಳುವ ಹಾಗೆ. ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲಿತ್ತು. ಒಂದು ದಿನ. ಆದರೆ ಫೋನಿನಾಚೆ ಅಷ್ಟೂ ಜನ ಉಸಿರು ಬಿಗಿಹಿಡಿದು ನಿಂತಿರುವುದು ಅವನಿಗೆ ಕಾಣಿಸಿತು. ಗ್ರೇಂಜಿನ ಅಜ್ಜಿ ಪೆಟ್ಟಿಗೆಗಳ ನಡುವೆ ಕೋಟು ಹಾಕಿಕೊಂಡು ಕೂತಿದ್ದಾಳೆ. ಬೆಥನಿ ಹೊಟ್ಟೆ ಹಿಡಿದುಕೊಂಡು ಫೋನಿನ ಪಕ್ಕ. ಅವಳ ಫ್ಲಾಟ್ ಕೊಳ್ಳುವ, ಪರಿಚಯವೇ ಇಲ್ಲದ ಯಾವನೋ ಹುಡುಗ, ಆಫೀಸಿಗೆ ರಜೆ ಹಾಕಿ. ಇಷ್ಟೂ ಜನರಿಗೆ ಇವನಿಂದ ತೊಂದರೆ. ಅದೂ ಕೊನೇ ಗಳಿಗೆಯಲ್ಲಿ. ಬ್ರಯರ್ಲಿ ಏನೂ ಅನ್ನುವುದಿಲ್ಲ, ಆಗಲಿ ಎನ್ನುತ್ತಾರೆ, ಆ ಕಡೆಯವರಿಗೆ ತಾವೇ ಕ್ಷಮೆ ಕೇಳುತ್ತಾರೆ, ಆ ಮೃದುವಾದ ದನಿಯಲ್ಲಿ. ಮೊದಲು ಇಲ್ಲ ಎಂದ ಹೆಂಗಸಿನ ಹೆಸರನ್ನು ಈಗ ಅವರ ಕಿವಿಯಲ್ಲಿ ಹೇಳಬೇಕು. ನೊರೀನ್ ಅಂತೂ ಇಲ್ಲೇ ಇದ್ದಾಳೆ, ಇವಳಿಗೆ ಸಂಜೆ ಕೂತು ತಿಳಿಸಿ ಹೇಳಬಹುದು, ಇವಳು ತಿಳಿದುಕೊಳ್ಳುವವಳು. ಹೆಸರನ್ನು ಮುಂದಿನ ವಾರ, ರಗಳೆಯಾದರೂ ಸರಿ, ಸೇರಿಸಿದರಾಯಿತು. ದಾಕ್ಷಿಣ್ಯ ಎಂಬುದು ಅವನ ಕುತ್ತಿಗೆ ಹಿಡಿದು ಬಗ್ಗಿಸಿತು.

'ಹಾಲ್ಸಾಲ್ ಅವರೇ? ಕೇಳಿಸ್ತಿದೆಯಾ?'

'ಕೇಳಿಸ್ತಿದೆ, ಕೇಳಿಸ್ತಿದೆ. ಕಾಯಿಸಿದ್ದಕ್ಕೆ ಕ್ಷಮಿಸಿ' ಎಂದ ಡೆರಿಕ್. 'ಮುಂದುವರಿಸಿ.'

ನೊರೀನ್ ಎದ್ದು ಒಲೆ ಹಚ್ಚಿ ಆಲೂಗಡ್ಡೆಯ ಪಾತ್ರೆ ಇಟ್ಟಳು. ಅವನ ಕಡೆ ಬೆನ್ನಾಗಿತ್ತು. ನೀರು ಸದ್ದು ಮಾಡುವ ಮುಂಚೆಯೇ ಫೋನು ಮತ್ತೆ ಬಂತು: ಆಯಿತು, ಎಲ್ಲರೂ ಕಟ್ಟುಬಿದ್ದರು, ಅಭಿನಂದನೆ. ಅವನು ಧನ್ಯವಾದ ಹೇಳಿ ಇಟ್ಟ.

'ಪಾಪ, ಲಾರಿ ಎಲ್ಲ ಗೊತ್ತು ಮಾಡಿದ್ರಂತೆ' ಎಂದ.

'ಹೌದು, ಪಾಪ' ಎಂದಳು ನೊರೀನ್. ಉಪ್ಪು ಹಾಕಿದಳು. ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಅವರಿಗಾಗಿ ಪಾಪ ಎಂದಳು, ಅದೇ ಅವನಿಗೆ ತಡೆಯಲಾಗಲಿಲ್ಲ.

'ನೊರೀನ್, ನೀನಿಲ್ದೆ ನಂಗಾಗಲ್ಲ ಕಣೇ.' ಮಾತು ಒಡೆಯಿತು. 'ನನ್ನ ಆಣೆಗೂ ಆಗಲ್ಲ. ನಂಗೆ ನೀನು ಬೇಕು.'

'ಗೊತ್ತು.' ಅವಳು ತಿರುಗಿದಳು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ. 'ನಂಗೆ ಗೊತ್ತಿಲ್ಲ ಅಂತ ನಾನು ಯಾವಾಗ ಹೇಳ್ದೆ? ಗೊತ್ತಿಲ್ಲದೋರಿಗೆ ಹೇಳ್ಬೇಕಿತ್ತು ನೀನು.'

ಅವನು ಏನೇನೋ ಹೇಳಿದ. ಬ್ರಯರ್ಲಿಗೆ ಈಗಲೇ ಫೋನ್ ಮಾಡುತ್ತೇನೆ, ನಾಳೆಯೇ ಹೋಗಿ ಬರೆಸುತ್ತೇನೆ, ಎಷ್ಟಾದರೂ ಆಗಲಿ. ಅವಳು ಕೇಳಿಸಿಕೊಂಡಳು. ಅವಳ ಪಾಲಿಗೆ ಅದು ಮುಗಿದ ವ್ಯವಹಾರ ಎಂದು ಅವನಿಗೆ ಮೆಲ್ಲಗೆ ಅರ್ಥವಾಯಿತು. ಇಷ್ಟರಲ್ಲಿ ಆಲೂಗಡ್ಡೆ ಬೆಂದಿತ್ತು. ಇಬ್ಬರೂ ಕೂತು ಉಂಡರು, ಹಿಂದಿನ ದಿನದ ತಣ್ಣಗಿನ ಹ್ಯಾಮಿನ ಜೊತೆ. ಬಹಳ ಉಳಿಯಿತು.

'ಗ್ರೇಂಜಿಗೆ ಯಾವಾಗಾದ್ರೂ ಬರ್ತೀಯಾ?' ಎಂದು ಕಡೆಗೆ ಕೇಳಿದ, ತಟ್ಟೆ ನೋಡುತ್ತಾ.

'ಬರ್ತೀನಿ, ಯಾಕೆ ಬರಲ್ಲ?' ಎಂದಳು ನೊರೀನ್. 'ಒಂದು ಭಾನುವಾರ ಬರ್ತೀನಿ. ಮುಂಚೆ ಫೋನ್ ಮಾಡಿ, ನಿಂಗೆ ಅನುಕೂಲನಾ ಅಂತ ಕೇಳ್ಕೊಂಡೇ ಬರ್ತೀನಿ. ಇನ್ನೊಬ್ಬರ ಮನೆಗೆ ಹಾಗೇ ನುಗ್ಗೋದು ಚೆನ್ನಾಗಿರಲ್ಲ.'

'ಥ್ಯಾಂಕ್ಸ್' ಎಂದ ಡೆರಿಕ್.